ಪೀಲಿಯ ಬಾವುಟ: ರಾಜವಂಶದ ಐತಿಹ್ಯಗಳಿಂದ ಹದಿಹರೆಯದವರಿಗೆ ಫ್ಯಾಂಟಸಿ ಕಟ್ಟುವುದು

ಮೂರು ಕೈಗಳಿಂದ ಮಾತು ಶುರು ಮಾಡೋಣ.

ಮೊದಲನೆಯದು ತಾಳಗುಂದದ ಕಂಬದ ಮೇಲಿದೆ. 5ನೇ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲಕ್ಕೆ, ಕುಬ್ಜನೆಂಬ ಕವಿ ಬರೆದ ಸಂಸ್ಕೃತ ಪದ್ಯಗಳವು. ಗುರು ವೀರಶರ್ಮನ ಜೊತೆ ಓದಲೆಂದು ಕಂಚಿಯ ಘಟಿಕೆಗೆ ಹೋದ ಮಯೂರಶರ್ಮ ಅಲ್ಲಿ ಪಲ್ಲವರ ಕುದುರೆಸವಾರನೊಬ್ಬನೊಂದಿಗೆ ಜಗಳಕ್ಕೆ ಬೀಳುತ್ತಾನೆ. ದರ್ಭೆ, ಸಮಿತ್ತು, ಹೋಮದ ಸೌಟು, ತುಪ್ಪ ಹಿಡಿದು ಪಳಗಿದ ಕೈ ಕತ್ತಿಯನ್ನು ಹಿರಿಯಿತು ಎನ್ನುತ್ತಾನೆ ಕವಿ.

ಎರಡನೆಯದು ಸಳನ ಕೈ. ಇಂದಿನ ಮೂಡಿಗೆರೆ ತಾಲ್ಲೂಕಿನ ಅಂಗಡಿ, ಆಗಿನ ಸೊಸೆವೂರು. ಸುದತ್ತನೆಂಬ ಜೈನಮುನಿ, ಎದುರಿಗೆ ಹುಲಿ, ಪಕ್ಕದಲ್ಲಿ ಶಿಷ್ಯ. ಮುನಿ 'ಪೊಯ್ ಸಳ' ಎಂದ, ಸಳ ಹೊಡೆದ. ಈ ಕಥೆ ನಮಗೆ ಮೂರನೇ ಕ್ಲಾಸಿನಿಂದಲೇ ಬಾಯಿಪಾಠ.

ಮೂರನೆಯದು ಅಷ್ಟು ಪರಿಚಿತವಲ್ಲ. ಶಿವಮೊಗ್ಗ ಸೀಮೆಯ ಕಲ್ಲೂರುಗುಡ್ಡದ ಶಾಸನ, 1120ರ ಆಸುಪಾಸಿನದು, ಗಂಗವಂಶ ಹುಟ್ಟಿದ ಕಥೆಯನ್ನು ವಿಸ್ತಾರವಾಗಿ ಹೇಳುತ್ತದೆ. ಉಜ್ಜಯಿನಿಯ ಮಹೀಪಾಲ ರಾಜಚಿಹ್ನೆಗಳನ್ನು ಕೊಡೆಂದು ಪದ್ಮನಾಭನೆಂಬ ಅರಸನ ಮೇಲೆ ಬೀಳುತ್ತಾನೆ. ಪದ್ಮನಾಭ ತನ್ನ ಇಬ್ಬರು ಗಂಡುಮಕ್ಕಳ ಹೆಸರು ಬದಲಿಸಿ, ದಡಿಗ, ಮಾಧವ ಎಂದಿಟ್ಟು, ಅವರ ತಂಗಿಯನ್ನೂ ಕೆಲವು ಬ್ರಾಹ್ಮಣರನ್ನೂ ಜೊತೆಮಾಡಿ ದಕ್ಷಿಣಕ್ಕೆ ಕಳಿಸುತ್ತಾನೆ. ಪೇರೂರಿನಲ್ಲಿ ಸಿಂಹನಂದಿ ಎಂಬ ಜೈನಾಚಾರ್ಯರು ಸಿಗುತ್ತಾರೆ. ಮಾಧವ ಒಂದೇ ಏಟಿಗೆ ಕಲ್ಲಿನ ಕಂಬವನ್ನು ಕತ್ತಿಯಿಂದ ಕಡಿಯುತ್ತಾನೆ. ಆಚಾರ್ಯರು ಕರ್ಣಿಕಾರದ ಹೂವಿನೆಸಳಿನಿಂದ ಕಿರೀಟ ಕಟ್ಟುತ್ತಾರೆ, ತಮ್ಮ ಕೈಯ ಪಿಂಛಿಯನ್ನೇ ಬಾವುಟವಾಗಿ ಕೊಡುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ದಿಗಂಬರ ಮುನಿಗಳ ಕೈಯಲ್ಲಿರುವುದು ಎರಡೇ ವಸ್ತು, ಪಿಂಛಿ ಮತ್ತು ಕಮಂಡಲು. ಪಿಂಛಿ ಎಂದರೆ ನವಿಲು ತಾನಾಗಿ ಉದುರಿಸಿದ ಗರಿಗಳ ಕಟ್ಟು. ಕೂರುವ ಮುಂಚೆ ನೆಲದ ಇರುವೆಯೂ ಸಾಯದಂತೆ ಮೆಲ್ಲಗೆ ಗುಡಿಸುವುದು ಅದರ ಕೆಲಸ. ಅದನ್ನು ಕೋಲಿಗೆ ಕಟ್ಟಿ ದಂಡಿನ ಮುಂದೆ ಹಿಡಿದರು. ಇರುವೆ ಉಳಿಸುವ ಗರಿ ಯುದ್ಧದ ಬಾವುಟವಾಯಿತು.

ಮೂರೂ ಕಥೆಗಳಲ್ಲಿ ಇದೇ ಗಂಟು. ಕೊಲ್ಲಬಾರದೆಂದು ಕಲಿಸಿದವರ ಪಕ್ಕದಲ್ಲೇ, ಎರಡು ಕಡೆ ಅವರ ಅಪ್ಪಣೆಯಿಂದಲೇ, ಎಳೆಯ ಕೈಯೊಂದು ಆಯುಧ ಹಿಡಿಯುತ್ತದೆ. ಶಾಸನದ ಕವಿಗೆ ಇದು ಹೆಮ್ಮೆ. ಹದಿನಾರು ವರ್ಷದ ಓದುಗನಿಗೆ ಇದು ಪ್ರಶ್ನೆ: ನೀವು ಮಾಡದ್ದನ್ನು ನನ್ನಿಂದ ಯಾಕೆ ಮಾಡಿಸುತ್ತೀರಿ? ಹರೆಯದವರ ಕಾದಂಬರಿಗೆ ಈ ಪ್ರಶ್ನೆಯೇ ಬೇಕಾದದ್ದು. ಕೋಟೆ, ಆನೆ, ಗುಪ್ತಮಾರ್ಗ, ಮಾಂತ್ರಿಕ ಖಡ್ಗಗಳನ್ನು ಯಾರು ಬೇಕಾದರೂ ತಂದು ಸುರಿಯಬಹುದು. ನಮ್ಮಲ್ಲಿ ಬಹಳ ಜನ ಅಲ್ಲಿಂದ ಶುರುಮಾಡುತ್ತಾರೆ, ಅದಕ್ಕೇ ನಾಲ್ಕನೇ ಅಧ್ಯಾಯಕ್ಕೆ ಕಥೆ ಕುಂಟುತ್ತದೆ.

ಮಾಧವನ ಕಂಬದ ಮಾತು ಬಂದಾಗ ಇಂಗ್ಲಿಷ್ ಓದಿದ ಹುಡುಗರಿಗೆ ಆರ್ಥರ್ ನೆನಪಾಗುತ್ತಾನೆ. 1200ರ ಸುಮಾರಿಗೆ ಫ್ರೆಂಚ್ ಕವಿ ರೋಬೆರ್ ದ ಬೊರೋನ್ ಮೂಲಕ ಆ ಕಥೆಗೆ ಬಂದದ್ದು ಕಲ್ಲಿನ ಮೇಲಿಟ್ಟ ಕಮ್ಮಾರನ ಅಡಿಗಲ್ಲಿನಿಂದ ಕತ್ತಿ ಕೀಳುವ ಪ್ರಸಂಗ. ಎರಡನ್ನೂ ಒಂದೇ ಎಂದು ಬರೆಯಬೇಡಿ. ಆರ್ಥರ್ ಕತ್ತಿ ಕಿತ್ತದ್ದು ಅವನು ಆಗಲೇ ರಾಜನ ಮಗ ಎಂಬುದಕ್ಕೆ ಸಾಕ್ಷಿ. ರಕ್ತ ತನ್ನನ್ನು ತಾನು ತೋರಿಸಿಕೊಂಡಿತು, ಅಷ್ಟೆ. ಮಾಧವನ ವಿಷಯ ಬೇರೆ. ಕಂಬ ಕಡಿದ ಮಾತ್ರಕ್ಕೆ ರಾಜ್ಯ ಅವನದಾಗಲಿಲ್ಲ. ಸಿಂಹನಂದಿ ಒಂದು ಕರಾರು ಹಾಕಿದರು. ಕೊಟ್ಟ ಮಾತಿಗೆ ತಪ್ಪಿದರೆ, ಜಿನಶಾಸನವನ್ನು ಒಪ್ಪದಿದ್ದರೆ, ಪರಸ್ತ್ರೀಯರನ್ನು ತಂದರೆ, ಮಧು ಮಾಂಸ ಮುಟ್ಟಿದರೆ, ನೀಚರ ಸಹವಾಸ ಮಾಡಿದರೆ, ಬೇಡಿದವರಿಗೆ ಕೊಡದಿದ್ದರೆ, ಯುದ್ಧದಲ್ಲಿ ಓಡಿದರೆ ನಿಮ್ಮ ಕುಲ ಕೆಡುತ್ತದೆ. ಒಟ್ಟು ಏಳು.

ಫ್ಯಾಂಟಸಿ ಬರೆಯುವವರು ಮಾಂತ್ರಿಕ ಶಕ್ತಿಗೆ ನಿಯಮ ಹುಡುಕುತ್ತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಇಲ್ಲಿ 900 ವರ್ಷದ ಹಿಂದೆಯೇ ಯಾರೋ ಬರೆದಿಟ್ಟಿದ್ದಾರೆ. ಆದರೆ ಏಳನ್ನೂ ಬಳಸಲು ಹೋಗಬೇಡಿ. ಓದುಗನಿಗೆ ಮೂರು ನೆನಪಿರುತ್ತವೆ, ನಾಲ್ಕನೆಯದಕ್ಕೆ ಅವನು ಪುಟ ತಿರುಗಿಸಿ ಹಿಂದೆ ಹೋಗಬೇಕಾಗುತ್ತದೆ. ಒಂದಕ್ಕೊಂದು ತಾಗುವ ಮೂರನ್ನು ಆರಿಸಿಕೊಳ್ಳಿ. ನನ್ನ ಆಯ್ಕೆ ಹೀಗೆ: ಮಾತಿಗೆ ತಪ್ಪಬಾರದು, ಬೇಡಿದವರಿಗೆ ಇಲ್ಲವೆನ್ನಬಾರದು, ಯುದ್ಧದಲ್ಲಿ ಓಡಬಾರದು. ಈಗ ಶತ್ರುವಿನ ಕಡೆಯ ಗಾಯಾಳು ಹುಡುಗನೊಬ್ಬ ಬಂದು 'ನಿಮ್ಮ ದಂಡು ಹಿಂದೆ ಸರಿಯಲಿ' ಎಂದು ಬೇಡಿದ ಎನ್ನಿ. ಕೊಟ್ಟರೆ ಓಡಿದಂತೆ, ಕೊಡದಿದ್ದರೆ ಇಲ್ಲವೆಂದಂತೆ. ಕರಾರಿನ ಎರಡು ಸಾಲುಗಳು ಒಂದನ್ನೊಂದು ಕಚ್ಚಿಕೊಂಡಾಗ ಕಥೆಗೆ ಇಂಧನ ಸಿಗುತ್ತದೆ.

ತಪ್ಪಿದ್ದಕ್ಕೆ ತೆರುವ ಬೆಲೆ ಕಣ್ಣಿಗೆ ಕಾಣುವ ವಸ್ತುವಿನಲ್ಲಿರಲಿ. 'ಕುಲ ಕೆಡುತ್ತದೆ' ಎಂಬುದು ದೂರದ ಮಾತು, ಹುಡುಗರು ಅದಕ್ಕೆ ಹೆದರುವುದಿಲ್ಲ. ಬಾವುಟದ ಪೀಲಿಯಲ್ಲಿ ಕಣ್ಣುಗಳಿವೆಯಲ್ಲ, ಪ್ರತಿ ತಪ್ಪಿಗೆ ಒಂದು ಕಣ್ಣು ಬಣ್ಣಗೆಡಲಿ. ಮೊದಲ ಕಣ್ಣು ಪುಸ್ತಕದ ಮೂರನೇ ಒಂದು ಭಾಗದೊಳಗೆ ಹೋಗಬೇಕು, ಅದೂ ನಾಯಕನ ಒಳ್ಳೆಯ ಉದ್ದೇಶದಿಂದಲೇ. ಕೆಟ್ಟತನಕ್ಕೆ ಶಿಕ್ಷೆಯಾದರೆ ಅದು ನೀತಿಕಥೆಯಾಗುತ್ತದೆ, ಆ ವಯಸ್ಸಿನವರು ಪುಸ್ತಕ ಮುಚ್ಚಿಡುತ್ತಾರೆ.

ಇನ್ನು ಆ ತಂಗಿ. ಶಾಸನದಲ್ಲಿ ಅಣ್ಣಂದಿರ ಜೊತೆ ಹೊರಡುತ್ತಾಳೆ. ಕಂಬ ಕಡಿಯುವಾಗ, ಕಿರೀಟ ಕಟ್ಟುವಾಗ ಅವಳ ಮಾತಿಲ್ಲ. ಐತಿಹ್ಯದಲ್ಲಿ ಹೀಗೆ ಹೊರಟು ಕಾಣೆಯಾಗುವವರ ಪಟ್ಟಿಯೊಂದನ್ನು ಮಾಡಿಟ್ಟುಕೊಳ್ಳಿ. ಕಾದಂಬರಿ ಸಾಮಾನ್ಯವಾಗಿ ಅಲ್ಲಿರುತ್ತದೆ. ಕಂಬ ಕಡಿದವನಿಗೆ ಅನುಮಾನ ಬರುವುದು ತಡ. ಪಕ್ಕದಲ್ಲಿ ನಿಂತು ಕರಾರಿನ ಏಳೂ ಸಾಲುಗಳನ್ನು ಕೇಳಿಸಿಕೊಂಡವಳಿಗೆ ಬೇಗ.

ಕಥೆಯನ್ನು ಯಾರು, ಯಾವಾಗ ಹೇಳಿದರು ಎಂಬುದನ್ನೂ ನೋಡಬೇಕು. ಗಂಗರ ಆಳ್ವಿಕೆ ಶುರುವಾದದ್ದು 4ನೇ ಶತಮಾನದಲ್ಲಿ. ಹಳೆಯ ತಾಮ್ರಪಟಗಳಲ್ಲಿ ಕಂಬ ಕಡಿದ ಹೆಗ್ಗಳಿಕೆ ಒಂದು ಸಾಲಿನ ಬಿರುದಾಗಿ ಬರುತ್ತದೆ. ವಿಸ್ತಾರವಾದ ಕಥೆ ಕಲ್ಲೂರುಗುಡ್ಡದಲ್ಲಿ ಕಾಣುವ ಹೊತ್ತಿಗೆ ಗಂಗರ ರಾಜಧಾನಿ ತಲಕಾಡು ಚೋಳರ ಪಾಲಾಗಿ ನೂರು ವರ್ಷ ದಾಟಿತ್ತು. ಅಂದರೆ ರಾಜ್ಯ ಕಳೆದುಕೊಂಡು ಸಾಮಂತರಾಗಿ ಉಳಿದ ಮನೆತನವೊಂದು, ನಾವು ಹೀಗೆ ಹುಟ್ಟಿದೆವು ಎಂದು ಹೇಳಿಕೊಳ್ಳುತ್ತಿದೆ. 'ತಪ್ಪಿದರೆ ಕುಲ ಕೆಡುತ್ತದೆ' ಎಂಬ ಮಾತನ್ನು ಆ ಮನೆಯ ಹುಡುಗಿಯೊಬ್ಬಳು ಕಲ್ಲುಕುಟಿಗನ ಪಕ್ಕ ನಿಂತು ಓದುತ್ತಿದ್ದಾಳೆ ಎಂದುಕೊಳ್ಳಿ. ಕುಲ ಕೆಟ್ಟದ್ದನ್ನು ಅವಳು ಕಣ್ಣಾರೆ ಕಂಡಿದ್ದಾಳೆ. ಯಾರು ತಪ್ಪಿದರು, ಯಾವ ಸಾಲಿಗೆ? ಎರಡು ಕಾಲಗಳನ್ನು ಹೆಣೆಯುವ ಕಾದಂಬರಿಗೆ ಇದಕ್ಕಿಂತ ಒಳ್ಳೆಯ ಚೌಕಟ್ಟು ನನಗಂತೂ ತೋಚುವುದಿಲ್ಲ.

ಸಳನ ಕಥೆಯಲ್ಲಿ ಕೆಲಸ ಹೆಚ್ಚು, ಯಾಕೆಂದರೆ ಎಲ್ಲರಿಗೂ ಗೊತ್ತು. ಮೊದಲ ತೊಡಕು ಭಾಷೆಯದೇ. ಇಡೀ ಕಥೆ ಒಂದು ಶ್ಲೇಷೆಯ ಮೇಲೆ ನಿಂತಿದೆ: ಪೊಯ್ ಸಳ, ಪೊಯ್ಸಳ, ಆಮೇಲೆ ಪಕಾರ ಹಕಾರವಾಗಿ ಹೊಯ್ಸಳ. 'ಹೊಡೆ ಸಳ' ಎಂದು ಬರೆದ ಕೂಡಲೇ ವಂಶದ ಹೆಸರೇ ಬಿದ್ದುಹೋಯಿತು. 'ಪೊಯ್'ಯನ್ನು ಹಾಗೇ ಉಳಿಸಿ, ಆದರೆ ಮೊದಲೇ ಒಂದೆರಡು ಕಡೆ ಓದುಗನ ಕಿವಿಗೆ ಹಾಕಿಡಿ. ಬತ್ತ ಬಡಿಯುವಾಗ, ಗಂಟೆ ಬಾರಿಸುವಾಗ ಯಾರಾದರೂ 'ಪೊಯ್' ಎನ್ನಲಿ. 'ಮಳೆ ಹೊಯ್ತು' ಎನ್ನುವ ನಮಗೆ ಆ ಧಾತು ಪೂರ್ತಿ ಮರೆತಿಲ್ಲ. ಹುಲಿ ಬರುವ ಪುಟದಲ್ಲಿ ಅಡಿಟಿಪ್ಪಣಿ ಹಾಕಿದರೆ ಹುಲಿ ಅಲ್ಲೇ ಸತ್ತಂತೆ.

ಎರಡನೆಯ ತೊಡಕು ಹುಲಿ ಯಾಕೆ ಬಂತು ಎಂಬುದು. ಕಥೆಯ ಒಂದು ಪಾಠದಲ್ಲಿ, ಅಂದರೆ ಒಂದು ರೂಪದಲ್ಲಿ, ಮುನಿ ಶಿಷ್ಯನಿಗೆ ರಾಜ್ಯ ಬರಲೆಂದು ಪದ್ಮಾವತಿಯನ್ನು ಮಂತ್ರದಿಂದ ಒಲಿಸುತ್ತಿರುತ್ತಾರೆ, ಅದನ್ನು ಕೆಡಿಸಲು ಹುಲಿ ನುಗ್ಗುತ್ತದೆ. ದೇವಿ ಒಲಿದದ್ದು ವಸಂತದಲ್ಲಿ, ಹಾಗಾಗಿ ವಾಸಂತಿಕೆ. ಈ ಪಾಠ ಹಿಡಿದರೆ ನಿಮಗೆ ಋತು ಸಿಕ್ಕಿತು, ಕಾರಣ ಸಿಕ್ಕಿತು, ಜೊತೆಗೆ ಮುನಿಯ ತಲೆಯಲ್ಲಿ ಒಂದು ಯೋಜನೆಯಿತ್ತು ಎಂಬ ಅನುಮಾನವೂ ಸಿಕ್ಕಿತು. ಹುಡುಗನನ್ನು ಕೇಳಿ ರಾಜ್ಯ ಬೇಡಿದರೇ?

ಮೂರನೆಯದು ಆಯುಧ. ಶಿಲ್ಪಗಳಲ್ಲಿ ಸಳನ ಕೈಯಲ್ಲಿ ಕತ್ತಿ ಕಾಣುತ್ತೇವೆ, ಕೆಲವು ಶಾಸನಗಳಲ್ಲಿ ಅದು ಸೆಳೆ, ಅಂದರೆ ಬೆತ್ತ. ಕಾದಂಬರಿಗೆ ಬೆತ್ತವೇ ಸರಿ. ಆದರೆ ಪಿಂಛಿ ಕಮಂಡಲು ಬಿಟ್ಟರೆ ಬೇರೇನೂ ಇಟ್ಟುಕೊಳ್ಳದ ಮುನಿಯ ಬಳಿ ಬೆತ್ತ ಎಲ್ಲಿಂದ ಬಂತು? ಇದಕ್ಕೆ ಉತ್ತರವನ್ನು ಮೊದಲೇ ಕಥೆಯಲ್ಲಿ ನೆಟ್ಟಿರಬೇಕು. ನಾಲ್ಕನೆಯದು ಪ್ರಾಣಿ. ಬೇಲೂರಿನ ಬಾಗಿಲ ಇಕ್ಕೆಲದಲ್ಲಿರುವುದಕ್ಕೆ ಕೇಸರವಿದೆ, ಅದು ಹುಲಿಗಿಂತ ಸಿಂಹಕ್ಕೆ ಹತ್ತಿರ. ಇತಿಹಾಸಕಾರನಿಗೆ ಇದು ತಲೆನೋವು, ಫ್ಯಾಂಟಸಿಗೆ ವರ. ನೋಡುವವರ ಭಯಕ್ಕೆ ತಕ್ಕಂತೆ ರೂಪ ಬದಲಿಸುವ ಮೃಗ ಎಂದುಕೊಂಡರೆ, ಕೇಸರಕ್ಕೂ ಕಾರಣ ಸಿಗುತ್ತದೆ.

ಪ್ರಸಂಗವನ್ನೇ ಬರೆದು ನೋಡೋಣ. ಸಾಮಾನ್ಯವಾಗಿ ಕಾಣುವ ಬಗೆ ಇದು: "ಅದು ಹತ್ತನೆಯ ಶತಮಾನ. ಸಹ್ಯಾದ್ರಿಯ ದಟ್ಟ ಕಾನನದಲ್ಲಿ ವೀರ ಸಳನು ಘರ್ಜಿಸುವ ವ್ಯಾಘ್ರವನ್ನು ಎದುರಿಸಿ ನಿಂತನು." ಶತಮಾನ ಯಾವುದೆಂದು ಸಳನಿಗೆ ಗೊತ್ತಿಲ್ಲ, ಆದ್ದರಿಂದ ನಾವು ಅವನ ತಲೆಯೊಳಗಿಲ್ಲ. 'ವೀರ' ಎಂದು ಮೊದಲೇ ಹೇಳಿದ್ದರಿಂದ ಮುಂದೇನಾಗುತ್ತದೆಂಬ ಆತಂಕವೂ ಇಲ್ಲ. ಈಗ ಹೀಗೆ:

"ಬಸದಿಯ ದನ ಅಟ್ಟುವ ಬೆತ್ತ ಅದು. ದನಕ್ಕೂ ಅದನ್ನು ತಾಗಿಸಬಾರದು, ಸುಮ್ಮನೆ ಗಾಳಿಯಲ್ಲಿ ಬೀಸಬೇಕು ಎಂದು ಸಳನಿಗೆ ಕಲಿಸಿದ್ದು ಗುರುಗಳೇ. ಈಗ ಅದೇ ದನಿ 'ಪೊಯ್' ಎಂದಿತು. ಸಳ ಹುಲಿಯನ್ನು ನೋಡಲಿಲ್ಲ. ಗುರುಗಳನ್ನು ನೋಡಿದ. ಅವರು ಕಣ್ಣು ಮುಚ್ಚಿದ್ದರು."

ವಿಶೇಷಣ ಒಂದೂ ಇಲ್ಲ. ಕಲಿಸಿದ್ದೊಂದು, ಹೇಳಿದ್ದೊಂದು ಎಂಬುದು ಬೆತ್ತದಲ್ಲೇ ಬಂತು. ಮುನಿ ಕಣ್ಣು ಮುಚ್ಚಿದ್ದು ಧ್ಯಾನಕ್ಕೋ ನಾಚಿಕೆಗೋ ಎಂಬುದನ್ನು ಇನ್ನೂರು ಪುಟ ಎಳೆಯಬಹುದು.

ಒಂದೇ ವಂಶಕ್ಕೆ ಎರಡು ಹುಟ್ಟುಕಥೆಗಳಿದ್ದರೆ ಯಾವುದನ್ನು ಹಿಡಿಯಬೇಕು? ಕದಂಬರದ್ದನ್ನೇ ನೋಡಿ. ತಾಳಗುಂದದಲ್ಲಿ ಜಗಳಗಂಟ ವಿದ್ಯಾರ್ಥಿ. ನಂತರದ ಹಾನಗಲ್ಲು, ಗೋವೆ ಕದಂಬರ ಶಾಸನಗಳಲ್ಲಿ ಶಿವನ ಬೆವರಹನಿ ಕದಂಬ ಮರದ ಕೆಳಗೆ ಬಿದ್ದು ಹುಟ್ಟಿದ ಮುಕ್ಕಣ್ಣ, ನಾಲ್ಕು ಕೈಯವನು. ಫ್ಯಾಂಟಸಿ ಎಂದ ಕೂಡಲೇ ಎಲ್ಲರೂ ಮುಕ್ಕಣ್ಣನತ್ತ ಓಡುತ್ತಾರೆ. ಅದು ತಪ್ಪು ಲೆಕ್ಕ. ಮೂರನೇ ಕಣ್ಣಿರುವವನಿಗೆ ಸೋಲುವ ಭಯ ಎಲ್ಲಿಂದ ಬರಬೇಕು? ಆದರೆ ಸಾಮಾನ್ಯ ವಿದ್ಯಾರ್ಥಿಯೊಬ್ಬ, ತನ್ನ ಬಗ್ಗೆ ಜನ ಮೂರನೇ ಕಣ್ಣಿನ ಕಥೆ ಕಟ್ಟುತ್ತಿರುವುದನ್ನು ಕೇಳಿಸಿಕೊಳ್ಳುತ್ತ, ಕನ್ನಡಿಯಲ್ಲಿ ದಿನಾ ಹಣೆ ಮುಟ್ಟಿ ನೋಡಿಕೊಳ್ಳುತ್ತ, ಒಂದು ಬೆಳಿಗ್ಗೆ ಅಲ್ಲಿ ಏನೋ ನವೆಯಾದರೆ? ಎರಡೂ ಪಾಠ ಒಂದೇ ಕಥೆಯಾಯಿತು.

ಕೆಳದಿಯದು ಬೇರೆಯೇ ಜಾತಿಯ ಸಮಸ್ಯೆ. ಚೌಡಪ್ಪ, ಭದ್ರಪ್ಪ ಎಂಬ ಅಣ್ಣತಮ್ಮಂದಿರು, ಹುತ್ತದ ಮೇಲೆ ಹಾಲು ಸುರಿಸುವ ಹಸು, ನಾಗರಮುರಿ ಎಂಬ ಕತ್ತಿ, ನೆಲದೊಳಗಿನ ನಿಧಿ. ನಿಧಿ ನರಬಲಿ ಕೇಳುತ್ತದೆ. ಮನೆಯ ಆಳುಗಳಾದ ಯಾದವ, ಮುರಾರಿ ತಾವಾಗಿ ತಲೆ ಕೊಟ್ಟರು, ಅವರ ಹೆಸರೇ ಕೆಳದಿ ಅರಸರ 'ಎಡವ ಮುರಾರಿ' ಎಂಬ ಬಿರುದಿನಲ್ಲಿ ಉಳಿಯಿತು ಎಂಬುದು ಐತಿಹ್ಯ. ಇದನ್ನು ಸ್ವಾಮಿನಿಷ್ಠೆಯೆಂದು ಹೊಗಳಿ ಇಂದು ಬರೆಯಲಾಗದು, ಬರೆದರೆ ಓದುವ ಮಕ್ಕಳಲ್ಲಿ ಕೆಲವರಿಗೆ ಅದು ತಮ್ಮ ಮನೆಯವರ ಕಥೆ. ಬಲಿಯನ್ನು ತೆಗೆದುಹಾಕುವುದೂ ಸರಿಯಲ್ಲ, ಆಗ ನಿಧಿ ಪುಕ್ಕಟೆಯಾಗುತ್ತದೆ. 'ತಾವಾಗಿ' ಎಂಬ ಪದಕ್ಕೆ ಕೈಹಾಕಿ. ತಾವಾಗಿ ಎಂದು ಹೇಳಿದವರು ಯಾರು? ಹೇಳಲು ಬದುಕಿ ಉಳಿದವರು ಇಬ್ಬರೇ, ಅಣ್ಣ ಮತ್ತು ತಮ್ಮ.

ಈಗ ಚಿಲ್ಲರೆ ವಿಷಯಗಳು, ಪುಸ್ತಕ ಕೆಡುವುದು ಹೆಚ್ಚಾಗಿ ಇವುಗಳಿಂದಲೇ.

ಸ್ಥಳ ನೋಡಿ ಬರುವುದು ಒಳ್ಳೆಯದು, ಆದರೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆಯಬಾರದು. ಅಂಗಡಿಯ ಸುತ್ತ ಇಂದು ಕಾಫಿ ತೋಟ, ನಡುವೆ ಸಿಲ್ವರ್ ಓಕ್, ಬೇಲಿಯಲ್ಲಿ ಲಂಟಾನ. ಸಳನ ಕಾಲಕ್ಕೆ ಮೂರೂ ಇಲ್ಲ. ಕಂಪಿಲಿಯ ರಾಜಕುಮಾರ ಕುಮಾರರಾಮನ ಕುಮ್ಮಟದುರ್ಗದ ಕಡೆ ಹೋದರೆ ಬಳ್ಳಾರಿ ಜಾಲಿ ಕಣ್ಣಿಗೆ ಹೊಡೆಯುತ್ತದೆ, ಅದೂ ಹೊರಗಿನಿಂದ ಬಂದದ್ದು. ಅಡುಗೆಮನೆಯಲ್ಲಿ ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಶೇಂಗಾ, ಮೆಕ್ಕೆಜೋಳ, ಗೋಡಂಬಿ ಯಾವುದೂ ಬೇಡ, ಇವೆಲ್ಲ ಪೋರ್ಚುಗೀಸರು ಬಂದ ಮೇಲಿನವು. ಪರಂಗಿ ಹಣ್ಣು ತನ್ನ ಹೆಸರಿನಲ್ಲೇ ಊರು ಹೇಳುತ್ತದೆ. ಖಾರಕ್ಕೆ ಕರಿಮೆಣಸು, ಶುಂಠಿ.

ಜೈನ ಗುರುವಿರುವ ಕಥೆಯಲ್ಲಿ ಇನ್ನೂ ಎಚ್ಚರ ಬೇಕು. ರಾತ್ರಿ ಬೆಂಕಿಯ ಸುತ್ತ ಕೂತು ಉಣ್ಣುತ್ತ ಗುರು ರಹಸ್ಯ ಹೇಳುವ ದೃಶ್ಯ ಪಡುವಣದ ಫ್ಯಾಂಟಸಿಯಿಂದ ಸಲೀಸಾಗಿ ನುಸುಳುತ್ತದೆ. ಸೂರ್ಯ ಮುಳುಗಿದ ಮೇಲೆ ಜೈನರು ಉಣ್ಣುವುದಿಲ್ಲ. ಮುನಿಗಳದ್ದು ದಿನಕ್ಕೊಂದೇ ಆಹಾರ, ಅದೂ ನಿಂತುಕೊಂಡು ಬೊಗಸೆಯಲ್ಲಿ. ಗಡ್ಡೆಗೆಣಸು ಇಲ್ಲ. ಕುದುರೆ ಏರುವಂತಿಲ್ಲ. ಮಳೆಗಾಲದ ಚಾತುರ್ಮಾಸದಲ್ಲಿ ಒಂದೇ ಕಡೆ ನಿಲ್ಲಬೇಕು. ಇವನ್ನು ಅಡ್ಡಿಯೆಂದು ತಿಳಿಯಬೇಡಿ. ಹುಡುಗರು ದೊಡ್ಡ ಅಪಾಯಕ್ಕೆ ಹೊರಡುವ ಹೊತ್ತಿಗೆ ಗುರುವನ್ನು ಹೇಗೆ ದೂರ ಇಡುವುದೆಂದು ಬರಹಗಾರರು ಒದ್ದಾಡುತ್ತಾರೆ, ಕೊನೆಗೆ ಕೊಂದುಬಿಡುತ್ತಾರೆ. ಇಲ್ಲಿ ಆಷಾಢ ಬಂದರೆ ಸಾಕು.

ದೂರದ ಲೆಕ್ಕ ಕಾಗದದ ಮೇಲೆ ಮಾಡಿಕೊಳ್ಳಿ. ತಾಳಗುಂದದಿಂದ ಕಂಚಿಗೆ ಹಕ್ಕಿ ಹಾರಿದಂತೆ ಹೋದರೂ 500 ಕಿ.ಮೀ. ಮೀರುತ್ತದೆ. ದಿನಕ್ಕೆ 25 ಕಿ.ಮೀ. ನಡೆದರೆ, ಹೊಳೆ ದಾಟುವುದು, ಕಾಲುನೋವು ಸೇರಿ ತಿಂಗಳ ದಾರಿ. 'ಮೂರು ದಿನದಲ್ಲಿ ತಲುಪಿದ' ಎಂದರೆ ಮಂತ್ರ ಬಳಸಿದನೆಂದೇ ಅರ್ಥ, ಹಾಗಾದರೆ ಬೆಲೆಯನ್ನೂ ತೆರಬೇಕು. ಸಮಯಕ್ಕೆ ನಿಮಿಷ ಬೇಡ, ಗಳಿಗೆ ಇದೆ, ಅದು 24 ನಿಮಿಷ. ಜಾವವೆಂದರೆ ಮೂರು ಗಂಟೆ. ಅಳತೆಗೆ ಗೇಣು, ಮೊಳ, ಮಾರು. ಇವು ಇಂದೂ ಹಳ್ಳಿಯಲ್ಲಿ ಬದುಕಿರುವ ಪದಗಳು, ವಿವರಣೆ ಬೇಡ.

ಮಾತುಕತೆಗೆ ಹಳಗನ್ನಡ ಬೇಡವೇ ಬೇಡ. 'ಎಲೈ ಪ್ರಭುವೇ' ಎಂಬ ಕಂಪನಿ ನಾಟಕದ ಧಾಟಿಯೂ ಬೇಡ. ಇಂದಿನ ಆಡುಮಾತನ್ನೇ ಹಿಡಿದು, ಇಂಗ್ಲಿಷ್ ಪದ ಸೋಸಿ, ಸಂಬಂಧವಾಚಕಗಳಿಗೆ ಕೆಲಸ ಕೊಡಿ. ಕುಮಾರರಾಮನ ಕಥೆಯಲ್ಲಿ ಅವನ ಚೆಂಡು ಮಲತಾಯಿ ರತ್ನಾಜಿಯ ಮನೆಯಂಗಳಕ್ಕೆ ಬೀಳುತ್ತದೆ, ಅವಳು ಅವನನ್ನು ಬಯಸುತ್ತಾಳೆ, ಅವನು ಒಪ್ಪದಿದ್ದಾಗ ದೂರು ಹೇಳುತ್ತಾಳೆ. ನಂಜುಂಡ ಕವಿ ಸಾಂಗತ್ಯದಲ್ಲಿ ಹಾಡಿದ ಈ ಘಟ್ಟವನ್ನು ಹರೆಯದವರಿಗೆ ಬರೆಯುವಾಗ ಪುಟಗಟ್ಟಲೆ ಉಪದೇಶ ತುಂಬುವವರಿದ್ದಾರೆ. ಅವನು ಬಾಗಿಲಲ್ಲೇ ನಿಂತು 'ಚಿಕ್ಕವ್ವ, ಚೆಂಡು ಕೊಡ್ರಿ' ಎಂದರೆ ಆ ಒಂದು ಪದ ಗೆರೆ ಎಳೆದುಬಿಡುತ್ತದೆ. ಅವಳು ಅದನ್ನು ಕೇಳಿಸಿಕೊಂಡು 'ಹಂಗ ಕರೀಬ್ಯಾಡ' ಎಂದರೆ ದೃಶ್ಯ ಮುಗಿಯಿತು. ಅಂದಹಾಗೆ ಕಂಪಿಲಿ 1327ರಲ್ಲಿ ದೆಹಲಿ ಸೈನ್ಯಕ್ಕೆ ಬಿದ್ದ ಮೇಲೆ ಅಲ್ಲಿಯ ಅರಸನ ಹನ್ನೊಂದು ಮಕ್ಕಳನ್ನು ಸೆರೆಹಿಡಿದು ಒಯ್ದರೆಂದು ಇಬ್ನ್ ಬತೂತ ಬರೆಯುತ್ತಾನೆ, ಕೆಲವರನ್ನು ತಾನೇ ಕಂಡದ್ದಾಗಿಯೂ ಹೇಳುತ್ತಾನೆ. ಧರ್ಮ, ಹೆಸರು, ಭಾಷೆ ಎಲ್ಲ ಬದಲಾಗಿ ದೆಹಲಿಯ ಅಮೀರನಾದ ಕಂಪಿಲಿಯ ಹುಡುಗನೊಬ್ಬ ರಾತ್ರಿ ಯಾವ ಭಾಷೆಯಲ್ಲಿ ಕನಸು ಕಾಣುತ್ತಾನೆ? ಅದು ಬೇರೆಯೇ ಪುಸ್ತಕ.

ಗಾತ್ರದ ಮಾತು. ಇಂಗ್ಲಿಷಿನ ಈ ಬಗೆಯ ಕಾದಂಬರಿಗಳ ಪದಸಂಖ್ಯೆ ನೋಡಿ 80,000 ಪದದ ಗುರಿ ಇಟ್ಟುಕೊಳ್ಳಬೇಡಿ. ಇಂಗ್ಲಿಷಿನಲ್ಲಿ ನಾಲ್ಕು ಪದ ಬೇಕಾದಲ್ಲಿ ನಮಗೆ 'ಹೊರಟುಹೋಗಿದ್ದಳಂತೆ' ಎಂಬ ಒಂದೇ ಸಾಕು. 45,000ದಿಂದ 50,000 ಪದ, ಎರಡು ಸಾವಿರದಂತೆ 24 ಅಧ್ಯಾಯ, ಡೆಮಿ ಆಕಾರದಲ್ಲಿ 200 ಪುಟ ದಾಟುತ್ತದೆ, ಸಾಕು. ವಂಶಾವಳಿ ಮೊದಲ ಪುಟದಲ್ಲಿ ಬೇಡ. ಕರಾರು ಮೂರನೇ ಅಧ್ಯಾಯದೊಳಗೆ ಬರಲಿ, ಮೊದಲ ಪೀಲಿಗಣ್ಣು ಏಳು ಎಂಟರಲ್ಲಿ ಹೋಗಲಿ.

ಕೊನೆಯಲ್ಲಿ ಪಟ್ಟಾಭಿಷೇಕ ಇಡಬೇಡಿ. ಕಿರೀಟ ಬಿದ್ದ ಮೇಲೆ ಅವನು ಹುಡುಗನಲ್ಲ, ನಿಮ್ಮ ಓದುಗ ಅವನನ್ನು ಬಿಟ್ಟುಕೊಡುತ್ತಾನೆ. ಸಿಂಹನಂದಿ ಕಟ್ಟಿದ್ದು ಹೂವಿನೆಸಳಿನ ಕಿರೀಟ. ಕರ್ಣಿಕಾರವನ್ನು ಕೆಲವರು ಕಕ್ಕೆ ಹೂವೆನ್ನುತ್ತಾರೆ, ಕಕ್ಕೆ ಬಿರಿಯುವುದು ಬೇಸಗೆಯಲ್ಲಿ, ಕಿತ್ತರೆ ಸಂಜೆಯೊಳಗೆ ಬಾಡುತ್ತದೆ. ಹಾಗಾಗಿ ಕೊನೆಯ ಅಧ್ಯಾಯ ಮಧ್ಯಾಹ್ನಕ್ಕೆ ಮುಗಿಯಲಿ. ಆಚಾರ್ಯರು ಎಸಳು ಪೋಣಿಸುತ್ತಿದ್ದಾರೆ, ಮಾಧವ ತಲೆ ಬಗ್ಗಿಸಲು ಇನ್ನೂ ತಡಮಾಡುತ್ತಿದ್ದಾನೆ, ತಂಗಿ ನೆಲದ ಮೇಲೆ ಕೂರುವ ಮುಂಚೆ ಇರುವೆಗಳಿವೆಯೇ ಎಂದು ನೋಡುತ್ತಾಳೆ. ಗುಡಿಸಲು ಪಿಂಛಿ ಇಲ್ಲ, ಅದು ಆಗಲೇ ಕೋಲಿನ ತುದಿಯಲ್ಲಿದೆ. ಕೈಯಿಂದಲೇ ಸರಿಸುತ್ತಾಳೆ.